ತಪ್ಪಿದ ದಿನದ ಬಾಕಿ

ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬರ ಪ್ರಕರಣ ಇದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನಗೆ ಮನಸ್ಸು ಗಟ್ಟಿಯಿಲ್ಲ, ಯಾವುದನ್ನು ಹಿಡಿದರೂ ಅರ್ಧಕ್ಕೇ ಬಿಡುತ್ತೇನೆ" ಎಂಬ ಮಾತನ್ನು ನನ್ನೆದುರು ಕುಳಿತವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಸಾಕ್ಷಿಯಾಗಿ ಅವರು ಮುಂದಿಡುವುದು ಹೆಚ್ಚಾಗಿ ವ್ಯಾಯಾಮವನ್ನೇ. ಈ ಪ್ರಕರಣವನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಇದರಲ್ಲಿ ಮೊದಲು ತಪ್ಪು ಸಲಹೆ ಕೊಟ್ಟವಳು ನಾನು.

ಅವರಿಗೆ 46 ವರ್ಷ, ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ನಿದ್ರೆ ಸರಿಯಾಗಿ ಬರುತ್ತಿಲ್ಲ ಎಂದು ಬಂದಿದ್ದರು. ರಕ್ತದೊತ್ತಡ ಸ್ವಲ್ಪ ಏರಿದೆ, ದಿನವೂ ನಡೆಯಿರಿ ಎಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಬಿಟ್ಟಿದ್ದರು. ನಾನು ಮೊದಲ ಭೇಟಿಯಲ್ಲೇ ಒಂದು ವೇಳಾಪಟ್ಟಿ ಬರೆದುಕೊಟ್ಟೆ: ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಚುರುಕು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ನನ್ನ ಪಟ್ಟಿ ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ಅವರು ಮಾತ್ರ ಮುಂದಿನ ಎರಡು ಭೇಟಿಗೆ ಬರಲಿಲ್ಲ.

ಮೂರನೆಯದಕ್ಕೆ ಬಂದಾಗ ಕೈಯಲ್ಲಿ ಉದ್ದನೆಯ ನೋಟುಪುಸ್ತಕವಿತ್ತು. ಮೇಜಿನ ಮೇಲಿಟ್ಟು, "ಕ್ಷಮಿಸಿ ಮೇಡಂ, ಈ ಸಲವೂ ಆಗಲಿಲ್ಲ. ಇದರಲ್ಲಿ ಎಲ್ಲವೂ ಇದೆ" ಎಂದರು. ಪ್ರತಿ ಪುಟದಲ್ಲೂ ಗೆರೆ ಎಳೆದ ಮೂರು ಕಾಲಮು: ದಿನಾಂಕ, ನಡೆದದ್ದು, ಬಾಕಿ. ಒಂದು ದಿನ ತಪ್ಪಿದರೆ 30 ನಿಮಿಷ ಬಾಕಿ. ಮರುದಿನ 60 ನಡೆಯಬೇಕು. ಅದೂ ಆಗದಿದ್ದರೆ 90. ಕೊನೆಯ ಪುಟದಲ್ಲಿ ಬಾಕಿ 420 ನಿಮಿಷಕ್ಕೆ ಬಂದು ನಿಂತಿತ್ತು. ಅದರ ಕೆಳಗೆ ಏನೂ ಬರೆದಿರಲಿಲ್ಲ.

"ಕೊನೆಯ ದಿನ ಏನಾಯಿತು?" ಎಂದು ಕೇಳಿದೆ.

"ಏನೂ ಆಗಲಿಲ್ಲ. ಬೂಟು ಹಾಕಿಕೊಂಡೆ. ಏಳು ಗಂಟೆ ನಡೆಯಬೇಕಲ್ಲ ಎನಿಸಿತು. ಬಿಚ್ಚಿಟ್ಟೆ."

ನಾನು ಸಾಮಾನ್ಯವಾಗಿ ಹೇಳುವುದನ್ನೇ ಹೇಳಿದೆ: ಹಳೆಯದನ್ನು ಬಿಡಿ, ನಾಳೆಯಿಂದ ಹೊಸದಾಗಿ ಶುರು ಮಾಡಿ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಬಾಕಿ ತೀರಿಸದೆ ಹೊಸ ಪುಟ ತೆರೆಯುವುದು ಮೋಸವಲ್ಲವೇ ಮೇಡಂ?"

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಸೋಮಾರಿಯೆಂದು ತನ್ನನ್ನೇ ಜರೆದುಕೊಳ್ಳುತ್ತಿದ್ದ ಮನುಷ್ಯ ಎಷ್ಟು ಪ್ರಾಮಾಣಿಕನೆಂದರೆ, ತಪ್ಪಿದ ಅರ್ಧ ಗಂಟೆಯನ್ನೂ ಸಾಲವೆಂದು ಬರೆದುಕೊಂಡಿದ್ದರು. ಆ ಸಾಲದ ಭಾರಕ್ಕೇ ಬೂಟು ಬಿಚ್ಚಿದ್ದರು. ನಾನು ಕೊಟ್ಟ ಪಟ್ಟಿಯೂ ಅದೇ ಪುಸ್ತಕಕ್ಕೆ ಇನ್ನೊಂದು ಪುಟವಾಗಿತ್ತು.

ಸಲಹೆಯನ್ನು ಪಕ್ಕಕ್ಕಿಟ್ಟು ಒಂದು ಲೆಕ್ಕ ಕೇಳಿದೆ. ನಡುವಿನ ಕಾಲಮು ನೋಡಿ ನಡೆದ ದಿನ ಎಷ್ಟೆಂದು ಕೂಡಿಸುವಿರಾ? ಎರಡು ವರ್ಷದಲ್ಲಿ ಅದನ್ನು ಅವರು ಒಮ್ಮೆಯೂ ಕೂಡಿಸಿರಲಿಲ್ಲ. ಪೆನ್ನು ಹಿಡಿದು ಪುಟ ಪುಟವಾಗಿ ಹೋದರು. ಹತ್ತು ನಿಮಿಷವಾದರೂ ಬೇಕಾಯಿತು, ನಾನು ಮಾತಾಡಲಿಲ್ಲ. ನಡೆದ ದಿನಗಳು 83. ಅವರು ನಂಬದೆ ಮತ್ತೊಮ್ಮೆ ಕೂಡಿಸಿದರು. ಆಮೇಲೆ ಪುಸ್ತಕವನ್ನು ಮುಚ್ಚಿ, ಮೇಲೆ ಅಂಗೈ ಇಟ್ಟುಕೊಂಡು ಕುಳಿತರು.

ಮೋಸದ ಪ್ರಶ್ನೆಗೆ ಉತ್ತರಿಸಲೇಬೇಕಿತ್ತು, ಏಕೆಂದರೆ ಅದು ಸಮಾಧಾನದ ಮಾತಿಗೆ ಕರಗುವಂಥದ್ದಲ್ಲ. ದೇಹ ಬಾಕಿಯನ್ನು ಬರೆದಿಟ್ಟುಕೊಳ್ಳುವುದಿಲ್ಲ ಎಂದೆ. ಸೋಮವಾರ ನಡೆಯದಿದ್ದರೆ ಸೋಮವಾರದ ನಡಿಗೆ ಮುಗಿದುಹೋಯಿತು. ಮಂಗಳವಾರ ದುಪ್ಪಟ್ಟು ನಡೆದರೆ ಮಂಗಳವಾರದ ಶ್ರಮ ಹೆಚ್ಚಾಗುತ್ತದೆ, ಅಷ್ಟೇ. ರೂಢಿಯಿಲ್ಲದ ಶ್ರಮದ ನೋವು ಕೂಡಲೇ ಕಾಣಿಸಿಕೊಳ್ಳುವುದೂ ಇಲ್ಲ. 24ರಿಂದ 72 ಗಂಟೆಗಳ ನಡುವೆ ಹೆಚ್ಚುತ್ತದೆ. ಹಾಗಾಗಿ ಮಂಗಳವಾರದ ಶಿಕ್ಷೆ ಬುಧವಾರ, ಗುರುವಾರಗಳನ್ನೂ ನುಂಗುತ್ತದೆ. ಸ್ನಾಯು ಬೇಗ ಬಲಗೊಂಡರೂ ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಹೊಸಬರು ಉತ್ಸಾಹದಲ್ಲಿ ಹಿಮ್ಮಡಿ, ಮೊಣಕಾಲು ನೋಯಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕೊಟ್ಟ ಸಲಹೆ ಚಿಕ್ಕದು. ಮೂರನೆಯ ಕಾಲಮು ಇನ್ನು ಬೇಡ. ದಿನದ ಗುರಿ ಹತ್ತು ನಿಮಿಷ, ಅದೂ ಮಧ್ಯಾಹ್ನದ ಊಟವಾದ ಕೂಡಲೇ, ಕಚೇರಿಯ ಬೂಟಿನಲ್ಲೇ. ಬೆಳಗ್ಗೆ ಐದಕ್ಕೆ ಏಳುವ ಹಳೆಯ ಯೋಜನೆಯನ್ನು ನಾನೇ ಬಿಡಿಸಿದೆ. ನಿದ್ರೆಯಿಲ್ಲದೆ ಬಂದವರ ನಿದ್ರೆಯನ್ನೇ ಕತ್ತರಿಸಿ ಆರೋಗ್ಯ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ವೇಗಕ್ಕೆ ಯಂತ್ರ ಬೇಡ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಂತು ವೈದ್ಯರನ್ನು ಕಾಣಬೇಕು. ಮೊದಲ ನಾಲ್ಕು ವಾರ ಎಷ್ಟೇ ಹುರುಪು ಬಂದರೂ ಹತ್ತನ್ನು ಹದಿನೈದು ಮಾಡುವಂತಿಲ್ಲ. ಅವರಿಗೆ ಅತ್ಯಂತ ಕಷ್ಟವಾದದ್ದು ಇದೇ.

ಈ ಸಲಹೆಯನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ಹತ್ತು ನಿಮಿಷದಿಂದ ಏನಾಗುತ್ತದೆ? ನೀವು ಜನರನ್ನು ಮುದ್ದು ಮಾಡುತ್ತೀರಿ" ಎಂದರು. ಆ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹತ್ತು ನಿಮಿಷಕ್ಕೇ ನಿಂತರೆ ಸಾಲದು, ನಿಜ. ಆದರೆ ಅದೇ 2020ರ ಮಾರ್ಗಸೂಚಿ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ಷರತ್ತನ್ನೇ ಕೈಬಿಟ್ಟಿದೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು, ಸ್ವಲ್ಪದಿಂದ ಶುರು ಮಾಡಿ ಮೆಲ್ಲಗೆ ಏರಿಸಿ ಎನ್ನುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಅಭ್ಯಾಸ ಹೇಗೆ ಬೇರೂರುತ್ತದೆಂದು 96 ಮಂದಿಯನ್ನು 12 ವಾರ ಗಮನಿಸಿದ್ದರು. ಅವರ ಅಂದಾಜಿನಲ್ಲಿ ಅದಕ್ಕೆ 18ರಿಂದ 254 ದಿನಗಳವರೆಗೆ ಬೇಕು, ನಡುವಿನ ಅಂಕಿ 66. ಎಲ್ಲರ ಬಾಯಲ್ಲೂ ಓಡಾಡುವ 21 ದಿನದ ಗಡುವು ಎಷ್ಟು ಜನರನ್ನು ಸೋತವರೆಂದು ಮನೆಗೆ ಕಳುಹಿಸಿದೆಯೋ! ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲವೆಂದೂ ಅದೇ ಅಧ್ಯಯನ ತೋರಿಸಿತು. ಆ ಸಂಗತಿಯನ್ನು ನೋಟುಪುಸ್ತಕ ತಂದವರಿಗೆ ಹೇಳಿದಾಗ, ಬರೆದುಕೊಳ್ಳಲು ಪೆನ್ನು ಕೇಳಿದರು.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ತಪ್ಪಿದ ಮರುದಿನ ಅದೇ ಹತ್ತು ನಿಮಿಷಕ್ಕೆ ಹೊರಡುವುದಕ್ಕೆ, ದುಪ್ಪಟ್ಟು ನಡೆದು ಪ್ರಾಯಶ್ಚಿತ್ತ ಮಾಡಿಕೊಳ್ಳುವುದಕ್ಕಿಂತ ಹೆಚ್ಚು ಗಟ್ಟಿ ಮನಸ್ಸು ಬೇಕು. ತನ್ನನ್ನು ದಂಡಿಸಿಕೊಂಡರೆ ಒಳಗೆ ಏನೋ ತೀರಿದಂತೆ ಅನಿಸುತ್ತದೆ. ದಂಡಿಸಿಕೊಳ್ಳದೆ ಹೊರಟರೆ ಆ ಸಮಾಧಾನವೂ ಇರುವುದಿಲ್ಲ, ಸುಮ್ಮನೆ ನಡೆಯಬೇಕಷ್ಟೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಅಂಥ ಬಾಕಿ ಹೊತ್ತು ಕುಳಿತಿದ್ದರೆ, ದಯವಿಟ್ಟು ಮೊದಲು ನಡೆದ ದಿನಗಳನ್ನು ಎಣಿಸಿ.

ಐದು ತಿಂಗಳಾಗಿದೆ. ನಡುವೆ ಜ್ವರ ಬಂದು ಒಂಬತ್ತು ದಿನ ತಪ್ಪಿತು. ಹತ್ತನೆಯ ದಿನ ಏಳು ನಿಮಿಷ ನಡೆದು ಮನೆಗೆ ಬಂದೆ ಎಂದು ಫೋನು ಮಾಡಿ ತಿಳಿಸಿದರು. ಈಗ ವಾರದಲ್ಲಿ ನಾಲ್ಕೈದು ದಿನ, 25 ನಿಮಿಷದವರೆಗೆ ನಡೆಯುತ್ತಾರೆ. ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಅದರ ಕೆಲಸ ಬೇರೆಯಾಗಿಯೇ ನಡೆದಿದೆ. ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮವೂ ಬೇಕೆಂದು ಮಾರ್ಗಸೂಚಿಯಲ್ಲಿದೆ. ಯಾವಾಗ ಶುರು ಮಾಡೋಣ ಎಂದು ಕಳೆದ ಭೇಟಿಯಲ್ಲಿ ಅವರೇ ಕೇಳಿದರು. ಕುರ್ಚಿಯಿಂದ ಎದ್ದು ಕೂರುವುದನ್ನು ಐದು ಸಲ ಮಾಡಿ, ಸದ್ಯಕ್ಕೆ ಅಷ್ಟು ಸಾಕು ಎಂದೆ. ನನ್ನ ಕೊಠಡಿಯಲ್ಲೇ ಐದು ಸಲ ಎದ್ದು ಕುಳಿತು, ನೋಟುಪುಸ್ತಕ ತೆರೆದು ದಿನಾಂಕ ಹಾಕಿಕೊಂಡರು.