ಹೊಂಡ ಒಂದು, ಪಾಲು ಕೇಳುವವರು ಮೂವರು

ಪ್ರಶ್ನೆ: ನಾವು ಬದಿಯಡ್ಕದ ಕಡೆಯವರು. ನನ್ನ ಭಾವ ಕಳೆದ ವರ್ಷ ದುಬೈಯಿಂದ ಬರುವಾಗ ಒಂದು ಮೆಟಲ್ ಡಿಟೆಕ್ಟರ್ ತಂದಿದ್ದರು. ರಜೆಯಲ್ಲಿ ನಾನು, ಭಾವ ಮತ್ತು ನೆರೆಮನೆಯ ಗೆಳೆಯ ಅದನ್ನು ಹಿಡಿದು ತೋಟ, ಗುಡ್ಡೆ ಸುತ್ತುತ್ತೇವೆ. ಹೋದ ತಿಂಗಳು ನನ್ನ ದೊಡ್ಡಪ್ಪನ ಅಡಕೆ ತೋಟದ ಮೇಲ್ಬದಿಯಲ್ಲಿ, ಬಿದ್ದುಹೋದ ಹಳೆ ಮನೆಯ ಜಗಲಿಯಿದ್ದ ಜಾಗದಲ್ಲಿ, ಗೆಳೆಯನ ಕೈಯಲ್ಲಿದ್ದಾಗ ಯಂತ್ರ ಸದ್ದು ಮಾಡಿತು. ಅವನು ಒಂದು ಗೇಣು ಅಗೆದು, ತುಕ್ಕು ಹಿಡಿದ ಮೊಳೆಯೊಂದನ್ನು ಎತ್ತಿ ಎಸೆದು, ಯಂತ್ರವನ್ನು ನನಗೆ ಕೊಟ್ಟು ನೀರು ಕುಡಿಯಲು ಹೋದ. ಅದೇ ಹೊಂಡಕ್ಕೆ ನಾನು ಯಂತ್ರ ಹಿಡಿದಾಗ ಮತ್ತೆ ಸದ್ದು ಬಂತು. ನಾಲ್ಕು ಬೆರಳು ಕೆಳಗೆ ಆನೆಯ ಚಿತ್ರವಿರುವ ತಾಮ್ರದ ಕಾಸು ಮತ್ತು ಚಿನ್ನದ ಒಂಟಿ ಬೆಂಡೋಲೆ ಸಿಕ್ಕವು. ಹೊಂಡ ತನ್ನದೆಂದು ಗೆಳೆಯ, ಯಂತ್ರ ತಮ್ಮದೆಂದು ಭಾವ ಹೇಳುತ್ತಾರೆ. ಕೈ ಹಾಕಿ ತೆಗೆದವನು ನಾನು. ದೊಡ್ಡಪ್ಪನಿಗೆ ಇನ್ನೂ ತಿಳಿಸಿಲ್ಲ. ಪಾಲು ಹೇಗೆ ಮಾಡಬೇಕು?

ಉತ್ತರ: ನೀವು ಕೊನೆಯಲ್ಲಿ ಬರೆದ ಮಾತಿನಿಂದಲೇ ಆರಂಭಿಸುತ್ತೇನೆ. ಈ ಪುಟ ನಿಮ್ಮ ಕೈ ಸೇರಿದ ದಿನವೇ ಮೂವರೂ ಒಟ್ಟಿಗೆ ಹೋಗಿ, ಸಿಕ್ಕಿದ ಎರಡನ್ನೂ ದೊಡ್ಡಪ್ಪನ ಮುಂದಿಟ್ಟು, ಇಷ್ಟು ದಿನ ತಡವಾದದ್ದು ತಪ್ಪಾಯಿತೆಂದು ಹೇಳಿ. ಜಾಗ ಅವರದು, ಆ ಬೆಂಡೋಲೆ ಅವರ ಮನೆಯ ಯಾವ ಅಜ್ಜಿಯದ್ದೋ ಆಗಿದ್ದು, ಕಳೆದುಹೋದ ಕಥೆ ಅವರ ನೆನಪಿನಲ್ಲಿಯೂ ಇರಬಹುದು. ಜೋಡಿಯ ಇನ್ನೊಂದು ಓಲೆ ಅವರ ಪೆಟ್ಟಿಗೆಯಲ್ಲಿಯೇ ಇದ್ದರೆ ಪಾಲಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಓಲೆಗೆ ಹಕ್ಕುದಾರರು ಸಿಗದಿದ್ದರೂ ಅದು ಒಡನೆ ನಿಮ್ಮದಾಗುವುದಿಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತುವಿನ ಕುರಿತು 1878ರಿಂದಲೇ ಭಾರತೀಯ ನಿಧಿ ಕಾಯ್ದೆಯಿದ್ದು, ಮುಂದೆ ಕರ್ನಾಟಕವು 1962ರಲ್ಲಿ, ಕೇರಳವು 1968ರಲ್ಲಿ ತಮ್ಮದೇ ಕಾಯ್ದೆಗಳನ್ನು ಮಾಡಿಕೊಂಡವು. ಕಾಸರಗೋಡಿನವರಾದ ನಿಮಗೆ ಅನ್ವಯಿಸುವುದು ಕೇರಳದ್ದು. ಸಿಕ್ಕಿದವರು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂಬುದು ಈ ವ್ಯವಸ್ಥೆಯ ಮೊದಲ ಮೆಟ್ಟಿಲು. ಎಲ್ಲಿ, ಯಾವ ದಿನ, ಏನು ಸಿಕ್ಕಿತೆಂದು ಒಂದು ಪುಟದಲ್ಲಿ ಬರೆದು ವಿಲೇಜ್ ಆಫೀಸಿನಲ್ಲಿ ಕೊಡಿ, ಅಥವಾ ನೇರವಾಗಿ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ತಾಮ್ರದ ಕಾಸಿಗೆ ಇನ್ನೊಂದು ಸಂಗತಿಯೂ ಸೇರುತ್ತದೆ. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಫಾರ್ಸಿ ಅಕ್ಷರಗಳಿದ್ದರೆ ಅದು ಟಿಪ್ಪುವಿನ ಕಾಲದ್ದಿರಬಹುದು. ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ಅದನ್ನು ದುಬೈಗೆ ಹಿಂದಿರುಗುವ ಭಾವನವರ ಸೂಟ್‌ಕೇಸಿನಲ್ಲಿ ಇಟ್ಟು ಕಳುಹಿಸುವ ಯೋಚನೆಯನ್ನು ಯಾರೂ ಮಾಡಬಾರದು. ಹುಣಸೆಹಣ್ಣು ಹಾಕಿ ಉಜ್ಜಲೂ ಬೇಡಿ. ಉಜ್ಜಿದ ನಾಣ್ಯದಲ್ಲಿ ಓದುವುದಕ್ಕೆ ಉಳಿಯುವುದು ಕಡಿಮೆ.

2024ರ ಜುಲೈಯಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಚೆಂಙಳಾಯಿಯಲ್ಲಿ ರಬ್ಬರ್ ತೋಟವೊಂದರಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿಯ ಮಹಿಳೆಯರಿಗೆ ಚಿನ್ನದ ಪದಕಗಳು, ಮುತ್ತುಗಳು, ಬೆಳ್ಳಿಯ ನಾಣ್ಯಗಳಿದ್ದ ಪಾತ್ರೆಯೊಂದು ಸಿಕ್ಕಿತ್ತು. ಮೊದಲು ಬಾಂಬಿರಬಹುದೆಂದು ಹೆದರಿದ್ದ ಅವರು, ಒಳಗಿದ್ದುದು ಏನೆಂದು ತಿಳಿದ ಮೇಲೆಯೂ ಸೆರಗಿಗೆ ಕಟ್ಟಿಕೊಳ್ಳದೆ ಅಧಿಕಾರಿಗಳಿಗೆ ಒಪ್ಪಿಸಿದರು. ಅಷ್ಟು ಮಂದಿ ಸೇರಿ ಒಂದೇ ನಿರ್ಧಾರಕ್ಕೆ ಬರುವುದಾದರೆ ಮೂವರಿಗೆ ಅದು ಕಷ್ಟವಾಗಬಾರದು.

ಇನ್ನು ನಿಮ್ಮೊಳಗಿನ ಲೆಕ್ಕ. ಹೊಂಡದ ವಿಷಯದಲ್ಲಿ ನಿಮ್ಮ ಗೆಳೆಯನ ಮಾತಿನಲ್ಲಿ ಹುರುಳಿದೆಯೆಂದು ನನ್ನ ಅಭಿಪ್ರಾಯ. ಒಂದು ಸದ್ದಿಗೆ ಅಗೆದು ಒಂದು ವಸ್ತು ತೆಗೆದ ಮೇಲೆ ಅದೇ ಹೊಂಡಕ್ಕೂ, ಮೇಲೆ ಹಾಕಿದ ಮಣ್ಣಿಗೂ ಯಂತ್ರವನ್ನು ಮತ್ತೊಮ್ಮೆ ಹಿಡಿಯಬೇಕು. ಮೇಲಿರುವ ಕಬ್ಬಿಣದ ಸದ್ದಿನಲ್ಲಿ ಕೆಳಗಿರುವ ಸಣ್ಣ ಚಿನ್ನದ ಸದ್ದು ಅಡಗಿಹೋಗುತ್ತದೆ. ಅವನು ಅದನ್ನು ಮಾಡಲಿಲ್ಲ, ಅದು ಅವನ ಅಜಾಗ್ರತೆ. ಆದರೆ ಹೊಂಡ ಮುಚ್ಚಿ ಮುಂದಕ್ಕೆ ಹೋದವನು ಅದನ್ನು ಬಿಟ್ಟುಕೊಟ್ಟನೆಂದು ತಿಳಿಯಬಹುದೇ ಹೊರತು, ಬಾಯಿ ತೆರೆದಿಟ್ಟು ನೀರು ಕುಡಿಯಲು ಹೋದವನು ಬಿಟ್ಟುಕೊಟ್ಟನೆಂದು ಹೇಳಲಾಗದು. ಮತ್ತೆ ಸದ್ದು ಬಂದ ಕ್ಷಣದಲ್ಲಿ ನೀವು ಅಗೆಯುವುದಕ್ಕೆ ಮೊದಲು ಅವನನ್ನು ಕೂಗಿ ಕರೆಯಬೇಕಿತ್ತು. ಕರೆದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಭಾವನವರ ಹಕ್ಕನ್ನು ಅಳೆಯಲು ನಮ್ಮ ಕಡಲಕರೆಯವರ ಕ್ರಮವೇ ಸಾಕು. ಬಲೆ ಎಳೆದು ಮೀನು ಹಂಚುವಲ್ಲಿ ಆಳಿಗೊಂದು ಪಾಲಿರುವಂತೆ ದೋಣಿಗೂ ಬಲೆಗೂ ಪಾಲಿರುತ್ತದೆ. ಆದರೆ ದೋಣಿಯ ಯಜಮಾನ ಬುಟ್ಟಿಯನ್ನೇ ಎತ್ತಿಕೊಂಡು ಹೋಗುವುದಿಲ್ಲ. ಯಂತ್ರಕ್ಕೊಂದು ಪಾಲು, ಮೂವರಿಗೆ ಒಂದೊಂದು ಪಾಲು, ಹೀಗೆ ನಾಲ್ಕು ಪಾಲು ಮಾಡಿದರೆ ಭಾವನವರಿಗೆ ಎರಡು ಸಿಗುತ್ತವೆ. ಕಾನೂನಿನ ದಾರಿ ಮುಗಿದು, ದೊಡ್ಡಪ್ಪನವರ ಪಾಲು ಸಂದು, ನಿಮ್ಮ ಕೈಗೆ ಏನಾದರೂ ಉಳಿದರೆ ಹೀಗೆ ಹಂಚಿಕೊಳ್ಳುವುದು ನ್ಯಾಯವೆಂದು ನನಗೆ ತೋರುತ್ತದೆ. ಇದರಲ್ಲಿ ಹೊಂಡ ಯಾರದೆಂಬ ಜಗಳಕ್ಕೂ ಎಡೆಯಿಲ್ಲ.

ಆದರೆ ಸಿಕ್ಕಿದ ಮೇಲೆ ಮಾಡುವ ನ್ಯಾಯದಲ್ಲಿ ಒಬ್ಬರಿಗಾದರೂ ಕಹಿ ಉಳಿಯುತ್ತದೆ. 1878ರ ಕಾಯ್ದೆಯನ್ನು ಬರೆದವರಿಗೂ ಇದು ತಿಳಿದಿತ್ತು: ವಾರಸುದಾರರಿಲ್ಲದ ನಿಧಿಯನ್ನು ಸಿಕ್ಕಿದವನಿಗೂ ಜಾಗದವನಿಗೂ ಮೊದಲೇ ಒಪ್ಪಂದವಿದ್ದರೆ ಅದರಂತೆ ಹಂಚಬೇಕು, ಇಲ್ಲದಿದ್ದರೆ ಮಾತ್ರ ಸಿಕ್ಕಿದವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಎಂದು ಅದರಲ್ಲಿದೆ. ಈ ಹವ್ಯಾಸ ಬಹಳವಾಗಿ ಬೆಳೆದಿರುವ ಇಂಗ್ಲೆಂಡಿನಲ್ಲಿ, 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಸಿಕ್ಕಿದ ಚಿನ್ನದ ರಾಶಿಗೆ ಬಂದ 32.85 ಲಕ್ಷ ಪೌಂಡುಗಳ ಬಹುಮಾನವು ಹುಡುಕಿದವನಿಗೂ ಹೊಲದವನಿಗೂ ಸರಿಸಮವಾಗಿ ಹೋಯಿತು. ನೀವು ಮುಂದಿನ ಸಲ ಹೊರಡುವ ಮೊದಲು ಜಾಗದವರ ಒಪ್ಪಿಗೆಯನ್ನೂ, ಅವರ ಪಾಲನ್ನೂ, ಯಂತ್ರದ ಪಾಲನ್ನೂ, ಒಬ್ಬರಿಗೆ ಒಂದು ನಾಣ್ಯ ಸಿಕ್ಕಿದ ಸುತ್ತಿನಲ್ಲಿ ಎಷ್ಟು ಹೆಜ್ಜೆಯೊಳಗೆ ಸಿಕ್ಕಿದ್ದು ಎಲ್ಲರದ್ದು ಎಂಬುದನ್ನೂ ಭಾವನವರು ತಮ್ಮ ಫೋನಿನಲ್ಲಿ ನಾಲ್ಕು ಸಾಲು ಬರೆದು ಮೂವರಿಗೂ ಕಳುಹಿಸಲಿ. ಸಂಬಂಧಿಕರ ನಡುವೆ ಬರಹ ಯಾಕೆಂದು ಕೇಳಬೇಡಿ. ಹಿಸ್ಸೆಯ ವ್ಯಾಜ್ಯಗಳೆಲ್ಲ ಸಂಬಂಧಿಕರ ನಡುವಿನವೇ ತಾನೇ. ಎಸೆದ ಮೊಳೆಯನ್ನು ಹುಡುಕಿ ತಂದು, ಆ ಹೊಂಡವನ್ನೂ ಮುಚ್ಚಿಬಿಡಿ. ತೋಟಕ್ಕೆ ದನ ಬರುವ ದಾರಿಯದು.

ಪ್ರಶ್ನೆ: ಕುಂಬಳೆಯ ಕಡಲತೀರದಲ್ಲಿ ನಾವು ಇಬ್ಬರು ಹುಡುಕುತ್ತಿದ್ದಾಗ ಒಳಬದಿಯಲ್ಲಿ ಹೆಸರು ಮತ್ತು ತಾರೀಕು ಕೊರೆದ ಮದುವೆಯುಂಗುರ ಸಿಕ್ಕಿತು. ಮಾರಿ ಅರ್ಧರ್ಧ ಮಾಡೋಣವೆಂದು ಜೊತೆಗಾರ ಹೇಳುತ್ತಾನೆ.

ಉತ್ತರ: ಇದು ನಿಧಿಯಲ್ಲ, ಯಾರೋ ಕಳೆದುಕೊಂಡ ಒಡವೆ. 1872ರ ಕರಾರು ಕಾಯ್ದೆಯ 71ನೆಯ ಕಲಮಿನ ಪ್ರಕಾರ ಬಿದ್ದ ವಸ್ತುವನ್ನು ಎತ್ತಿಕೊಂಡವನು ಅದನ್ನು ಜೋಪಾನವಾಗಿ ಕಾಯಬೇಕು. ಒಡೆಯನು ಪ್ರಯತ್ನಪಟ್ಟರೂ ಸಿಗದಿದ್ದಾಗ ಅಥವಾ ನ್ಯಾಯವಾದ ಖರ್ಚನ್ನು ಕೊಡಲು ಒಪ್ಪದಿದ್ದಾಗ, ಅದರಲ್ಲಿಯೂ ವಸ್ತು ಕೆಡುವ ಅಥವಾ ಬೆಲೆಯ ಬಹುಭಾಗವನ್ನು ಕಳೆದುಕೊಳ್ಳುವ ಭಯವಿದ್ದರೆ, ಇಲ್ಲವೇ ಆ ಖರ್ಚು ಬೆಲೆಯ ಮೂರನೆಯ ಎರಡು ಭಾಗದಷ್ಟಾಗಿದ್ದರೆ ಮಾತ್ರ ಮಾರಬಹುದೆಂದು 169ನೆಯ ಕಲಮು ಹೇಳುತ್ತದೆ. ಉಂಗುರವೇನು ಬಂಗುಡೆಯಲ್ಲ, ನಾಳೆಗೆ ಕೆಡಲು. ಇಬ್ಬರೂ ಜೊತೆಯಾಗಿ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಒಬ್ಬರೇ ಹೋದರೆ ಇನ್ನೊಬ್ಬರಿಗೆ ಸಂಶಯ ಉಳಿದೀತು. ಊರಿನವರಿಗೆ ಸುದ್ದಿ ತಿಳಿಸುವಾಗ ಕೊರೆದ ಹೆಸರನ್ನು ಹೇಳಬೇಡಿ. ಅದನ್ನು ಸರಿಯಾಗಿ ಹೇಳಬಲ್ಲವರೇ ಒಡೆಯರು. ಅವರು ಮೆಚ್ಚಿ ಏನಾದರೂ ಕೊಟ್ಟರೆ ಅದನ್ನು ಅರ್ಧರ್ಧ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ನಾವು ಮಂಜೇಶ್ವರದ ಗೆಳೆಯರಿಬ್ಬರು ಒಂದೇ ಕಂಪೆನಿಯ ಎರಡು ಯಂತ್ರ ಹಿಡಿದು ಹೋದರೆ ಎರಡೂ ಸುಮ್ಮನೆ ಕಿರುಚುತ್ತವೆ. ಹತ್ತಿರ ಬರಬೇಡವೆಂದರೆ ಅವನಿಗೆ ಕೋಪ.

ಉತ್ತರ: ಕೋಪಿಸಿಕೊಳ್ಳಲು ಕಾರಣವಿಲ್ಲ. ಒಂದೇ ಆವರ್ತನದ ಎರಡು ಯಂತ್ರಗಳು ಹತ್ತಿರ ಬಂದರೆ ಒಂದರ ಅಲೆಯನ್ನು ಇನ್ನೊಂದು ಲೋಹದ ಸದ್ದೆಂದು ತಿಳಿಯುತ್ತದೆ. ಸದ್ದು ನಿಲ್ಲುವವರೆಗೆ ದೂರ ಸರಿಯಿರಿ. ಚಾನೆಲ್ ಬದಲಿಸುವ ಸೌಕರ್ಯವಿದ್ದರೆ ಒಬ್ಬರು ಬದಲಿಸಿಕೊಳ್ಳಿ. ದೂರ ಸರಿದರೂ ಕಿರುಚುವುದು ನಿಲ್ಲದಿದ್ದರೆ ಅದಕ್ಕೆ ಕಾರಣ ಗೆಳೆಯನಲ್ಲ, ಕಬ್ಬಿಣದ ಅಂಶ ತುಂಬಿರುವ ನಮ್ಮ ಮುರಕಲ್ಲಿನ ನೆಲ. ಆಗ ಯಂತ್ರವನ್ನು ಆ ನೆಲಕ್ಕೆ ಹೊಂದಿಸಿಕೊಂಡು, ಸೂಕ್ಷ್ಮತೆಯನ್ನು ಸ್ವಲ್ಪ ತಗ್ಗಿಸಿ ನೋಡಿ.