ಸಸಿ ನೆಟ್ಟರು, ಸರಿ. ಹುಲ್ಲು ಎಲ್ಲಿ?

ಮುಂಡರಗಿ ತಾಲೂಕಿನಿಂದ ಪತ್ರ ಬರೆದಿದ್ದೀರಿ. ನಿಮ್ಮೂರ ಗುಡ್ಡದ ಗಣಿಯ ಲೀಸ್ ಮುಗಿದಿದೆ, ಹೊಂಡದ ಸುತ್ತ ಸಸಿ ನೆಟ್ಟು ‘ಹಸಿರು ವಲಯ’ ಅಂತ ಬೋರ್ಡ್ ಹಾಕಿದ್ದಾರೆ, ಆದರೆ ಮೊದಲು ಸಂಜೆ ಹೊತ್ತು ಕಾಣುತ್ತಿದ್ದ ತೋಳ, ಚಿಗರಿ (ಕೃಷ್ಣಮೃಗ) ಒಂದೂ ಈ ಕಡೆ ಸುಳಿದಿಲ್ಲ, ಯಾಕೆ ಅಂತ ಕೇಳಿದ್ದೀರಿ.

ಯಾಕಂದ್ರೆ ಅಲ್ಲಿ ಮೊದಲು ಇದ್ದದ್ದು ಸಸಿ ಅಲ್ಲವಲ್ಲ! ನಮ್ಮ ಕಪ್ಪತಗುಡ್ಡದ ಸೀಮೆ ಅಂದರೆ ಕುರುಚಲು, ಕಲ್ಲುಬಂಡೆ, ಮೊಣಕಾಲೆತ್ತರದ ಹುಲ್ಲು. ಕತ್ತೆಕಿರುಬಕ್ಕೆ ಬಂಡೆ ಕೆಳಗಿನ ಗವಿ ಬೇಕು. ನೆಲಗುಬ್ಬಿಗೆ ಹುಲ್ಲಿನ ಬುಡದಲ್ಲಿ ಅಂಗೈಯಷ್ಟು ಜಾಗ ಸಾಕು, ಆದರೆ ಆ ಹುಲ್ಲೇ ಇರಬೇಕು. ಚಿಗರಿ ದೂರ ನೋಡಿಕೊಂಡು, ಓಡಿ ಬದುಕೋ ಪ್ರಾಣಿ, ಒತ್ತೊತ್ತಾಗಿ ಗಿಡ ಬೆಳೆದರೆ ಅದಕ್ಕೆ ಉಸಿರು ಕಟ್ಟಿದ ಹಾಗೆ. ಹಾವೇರಿ ಕಡೆ ಇದನ್ನ ನೋಡಿಯಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಆದರೆ ಅದರ ಬಹುಪಾಲು ಹುಲ್ಲುಗಾವಲಿಗೆ ನೀಲಗಿರಿ ನೆಟ್ಟಿದ್ದರು. ಕಾಗದದಲ್ಲಿ ಹಸಿರು ಜಾಸ್ತಿ ಆಯ್ತು, ಅಲ್ವಾ?

ಇನ್ನು ಮಣ್ಣಿನ ಮಾತು. ಮೇಲಿನ ಒಂದು ಗೇಣು ಮಣ್ಣಲ್ಲೇ ಹುಲ್ಲಿನ ಬೀಜ, ಬೇರು, ಹುಳು ಎಲ್ಲ ಇರೋದು. ಅದನ್ನ ಮೊದಲೇ ಬೇರೆಯಾಗಿ ತೆಗೆದಿಟ್ಟು ಬೇಗ ಹರಡಿದರೆ ಒಂದೆರಡು ಮಳೆಗೆ ನೆಲ ತಾನೇ ಎದ್ದು ಬರುತ್ತದೆ. ಎತ್ತರಕ್ಕೆ ಗುಡ್ಡೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಜೀವ ಸಾಯುತ್ತದೆ. ಹೋದ ಮಳೆಗಾಲದಲ್ಲಿ ನಾನು ನೋಡಿದ ಒಂದು ಹೊಂಡದ ದಂಡೆಯಲ್ಲಿ ಬರೀ ಕಲ್ಲುಪುಡಿಗೆ ಗುಂಡಿ ತೋಡಿ ಸಸಿ ಇಟ್ಟಿದ್ದರು, ಕಟ್ಟಿದ ಕೋಲು ಸಸಿಗಿಂತ ಚೆನ್ನಾಗಿತ್ತು.

ಕಾನೂನು ಇಲ್ಲ ಅಂತಲ್ಲ. ಕಬ್ಬಿಣ, ಮ್ಯಾಂಗನೀಸ್‌ನಂಥ ದೊಡ್ಡ ಖನಿಜದ ಗಣಿಗೆ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಮುಚ್ಚುವ ಯೋಜನೆ, ಅಂದರೆ ಗಣಿ ಮುಗಿದ ಮೇಲೆ ನೆಲವನ್ನ ಹೇಗೆ ಸರಿಮಾಡ್ತೀವಿ ಅನ್ನೋ ಯೋಜನೆ ಕೊಡಲೇಬೇಕು, ಮೇಲ್ಮಣ್ಣು ಬೇರೆ ಇಡಲೇಬೇಕು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಗಣಿ ಮುಗಿದ ಮೇಲೆ ಅಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ನೆಲ ಮೇವಿಗೆ, ಗಿಡಕ್ಕೆ, ಪ್ರಾಣಿಗೆ ಯೋಗ್ಯ ಆಗಬೇಕು, ಈ ಷರತ್ತನ್ನ ಲೀಸಿನಲ್ಲೇ ಹಾಕಿ ಅಂತ. ಸಸಿ ಅಂತಲ್ಲ ಸ್ವಾಮಿ, ಹುಲ್ಲು ಅಂತ! ಕಲ್ಲು, ಗರಸಿನ ಕ್ವಾರಿಗೆ ರಾಜ್ಯದ ನಿಯಮ ಬೇರೆ ಇದೆ, ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

‘ಬದಲಿ ಜಾಗದಲ್ಲಿ ಕಾಡು ಬೆಳೆಸ್ತಾರಂತಲ್ಲ’ ಅಂತಲೂ ಬರೆದಿದ್ದೀರಿ. ಅರಣ್ಯಭೂಮಿ ಹೋದರೆ ಅಷ್ಟೇ ಬೇರೆ ಭೂಮಿ ಕೊಟ್ಟು ಗಿಡ ನೆಡೋದು ನಿಯಮ. ಎಷ್ಟೋ ಸಲ ಅದು ಇನ್ನೊಂದು ತಾಲೂಕಿನಲ್ಲಿರುತ್ತದೆ. ನಿಮ್ಮ ಗುಡ್ಡದ ತೋಳಕ್ಕೆ ವಿಳಾಸ ಕೊಡೋರು ಯಾರು?

ನನ್ನ ಸಲಹೆ ಇಷ್ಟೇ. ಮಾಹಿತಿ ಹಕ್ಕಿನಲ್ಲಿ ಮುಚ್ಚುವ ಯೋಜನೆಯ ಪ್ರತಿ ಕೇಳಿ. ಮೊದಲ ಮಳೆ ಆದ ಮೇಲೆ ನಿಮ್ಮೂರಿನ ಕುರಿ ಕಾಯೋ ಹಿರಿಯರೊಬ್ಬರನ್ನ ಕರ್ಕೊಂಡು ಅಲ್ಲಿಗೆ ಹೋಗಿ, ಯಾವ ಹುಲ್ಲು ಬಂದಿದೆ, ಯಾವುದು ಬಂದಿಲ್ಲ ಅಂತ ಅವರು ಹೇಳಿದ್ದನ್ನ ಬರಕೊಳ್ಳಿ. ಎರಡರ ಜೆರಾಕ್ಸೂ ನಮಗೆ ಕಳಿಸಿ.

– ಸಂಪಾದಕ