ಆವರ್ತನ ಸರಿ, ಡೆಸಿಬೆಲ್ ಮಾತ್ರ ಯಾಕೆ ಜಾಸ್ತಿ?

ಪ್ರಶ್ನೆ: 1 ಸೆಂ.ಮೀ. ದಪ್ಪದ ದುಂಡು ಸರಳಿಗೆ ಅಡ್ಡಲಾಗಿ ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಬೀಸುವ ಹಾಗೆ 2ಡಿ (ಸರಳಿನ ಅಡ್ಡಕೊಯ್ತ ಮಾತ್ರ ಇರುವ) ಕಂಪ್ಯೂಟರ್ ಸಿಮ್ಯುಲೇಷನ್ ಮಾಡಿದೆ. ಸರಳಿನ ಶಬ್ದದ ಆವರ್ತನ ಅಳತೆಗೆ ಹತ್ತಿರ ಬಂತು, ಡೆಸಿಬೆಲ್ ಮಾತ್ರ ತುಂಬಾ ಜಾಸ್ತಿ. ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳಾಗಿ ಹಂಚುವ ಬಲೆ) ಎಷ್ಟು ಸಣ್ಣ ಮಾಡಿದರೂ ಇಳಿಯುತ್ತಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಮೆಶ್ ಹಿಂದೆ ಬಿದ್ದು ಸುಮ್ನೆ ಸಮಯ ಕಳೆಯಬೇಡಿ. ತಪ್ಪು ಇರೋದು 2ಡಿಯಲ್ಲೇ.

ಸರಳಿನ ಹಿಂದೆ ಮೇಲೊಂದು, ಕೆಳಗೊಂದು ಸುಳಿ ಸರದಿಯಂತೆ ಕಳಚಿಕೊಳ್ಳುತ್ತದೆ. ಪ್ರತಿ ಸಲವೂ ಸರಳಿನ ಮೇಲಿನ ಬಲ ದಿಕ್ಕು ಬದಲಿಸುತ್ತದೆ, ಆ ಬಲದ ಏರಿಳಿತವೇ ನಮಗೆ ಸಿಳ್ಳೆಯಾಗಿ ಕೇಳಿಸುವುದು. ವೇಗವನ್ನು ದಪ್ಪದಿಂದ ಭಾಗಿಸಿ, ಸ್ಟ್ರೌಹಾಲ್ ಸಂಖ್ಯೆ (ಸುಳಿ ಕಳಚುವ ಲಯವನ್ನು ಹೇಳುವ ಸಂಖ್ಯೆ, ದುಂಡು ಸರಳಿಗೆ ಸುಮಾರು 0.2) ಇಂದ ಗುಣಿಸಿದರೆ 400 ಹರ್ಟ್ಸ್. ಇಷ್ಟನ್ನು 2ಡಿ ಕೂಡ ಹೆಚ್ಚುಕಮ್ಮಿ ಹಿಡಿಯುತ್ತದೆ.

ಜೋರಿನ ಲೆಕ್ಕ ಬೇರೆ. 2ಡಿಯಲ್ಲಿ ಸುಳಿ ಅಂದರೆ ಸರಳಿನ ಉದ್ದಕ್ಕೂ ಒಂದೇ ಕ್ಷಣದಲ್ಲಿ ಕಳಚುವ ನೇರ ಉರುಳೆ. ನಿಜವಾದ ಗಾಳಿಯಲ್ಲಿ ಹಾಗಾಗುವುದಿಲ್ಲ, ನಿಮ್ಮ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಪ್ರಕ್ಷುಬ್ಧವಾಗಬಹುದು ಎಂದು ಹೇಳುವ ಸಂಖ್ಯೆ) ಸುಮಾರು 13,000 ಇದೆ, ಅಲ್ಲಿ ಸುಳಿ ತಿರುಚಿ ಒಡೆದು, ಕೆಲವು ವ್ಯಾಸದಷ್ಟು ದೂರ ಹೋಗುವಷ್ಟರಲ್ಲೇ ಒಂದು ಕಡೆಯ ತಾಳ ಇನ್ನೊಂದು ಕಡೆಗೆ ಹೊಂದುವುದಿಲ್ಲ. ಸರಳನ್ನು 10 ತುಂಡು ಅಂದುಕೊಳ್ಳಿ. ಎಲ್ಲವೂ ಒಟ್ಟಿಗೆ ಕೂಗಿದರೆ ಶಬ್ದದ ಶಕ್ತಿ ಒಂದು ತುಂಡಿನ 100 ಪಟ್ಟು, ತಮ್ಮ ಪಾಡಿಗೆ ಕೂಗಿದರೆ ಬರೀ 10 ಪಟ್ಟು. ಅಲ್ಲೇ 10 ಡೆಸಿಬೆಲ್ ಹೋಯಿತು, ಅಲ್ವಾ? ಇದರ ಜೊತೆಗೆ, ಒಡೆಯದ ಸುಳಿ ತುಂಬಾ ಬಲವಾಗಿರುವುದರಿಂದ ಪ್ರತಿ ತುಂಡಿನ ಬಲವೂ 2ಡಿಯಲ್ಲಿ ಅತಿಯಾಗಿ ಬರುತ್ತದೆ.

ಹಾಗಾಗಿ 3ಡಿ ಎಲ್‌ಇಎಸ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕಿ, ಸಣ್ಣವನ್ನು ಅಂದಾಜಿಸುವ ಸಿಮ್ಯುಲೇಷನ್) ಮಾಡಿ. ಉದ್ದ 3 ವ್ಯಾಸಕ್ಕಿಂತ ಕಮ್ಮಿ ಬೇಡ, ಜಾಸ್ತಿ ಆದಷ್ಟೂ ಒಳ್ಳೆಯದು. ಶಬ್ದದ ಅಲೆಯನ್ನು ಅದೇ ಮೆಶ್‌ನಲ್ಲಿ ದೂರದವರೆಗೆ ಒಯ್ಯುವ ಆಸೆ ಬಿಡಿ: 400 ಹರ್ಟ್ಸ್ ಅಲೆಯ ಉದ್ದ ಸುಮಾರು 85 ಸೆಂ.ಮೀ., ಅಂದರೆ ಸರಳಿನ ದಪ್ಪದ 85 ಪಟ್ಟು. ಒತ್ತಡದ ಅಂತರ ಇನ್ನೂ ದೊಡ್ಡದು. ಗಾಳಿಯ ಚಲನ ಒತ್ತಡ 240 ಪಾಸ್ಕಲ್, 60 ಡೆಸಿಬೆಲ್ ಶಬ್ದದ್ದು 0.02 ಪಾಸ್ಕಲ್ ಅಷ್ಟೇ. ಸರಳಿನ ಮೇಲಿನ ಒತ್ತಡ ದಾಖಲಿಸಿಕೊಂಡು, 1955ರ ಕರ್ಲ್ ಸೂತ್ರಕ್ಕೆ (ಮೇಲ್ಮೈ ಮೇಲಿನ ಬಲದ ಏರಿಳಿತದಿಂದ ಶಬ್ದ ಲೆಕ್ಕ ಹಾಕುವ ಸೂತ್ರ) ಕೊಟ್ಟರೆ ದೂರದ ಶಬ್ದ ಸಿಗುತ್ತದೆ.

ಸಿಮ್ಯುಲೇಷನ್‌ನ ಉದ್ದ ನಿಜವಾದ ಸರಳಿಗಿಂತ ಚಿಕ್ಕದಾಗಿರುತ್ತದೆ. ಆಗ ಒತ್ತಡವನ್ನು ಉದ್ದದ ಅನುಪಾತದಿಂದ ನೇರವಾಗಿ ಗುಣಿಸಬೇಡಿ, ಅದು ಮತ್ತೆ ಹಳೇ ತಪ್ಪೇ. ಮೊದಲು ಉದ್ದಕ್ಕೂ ನಾಲ್ಕಾರು ಕಡೆ ಬಲವನ್ನು ಬೇರೆ ಬೇರೆಯಾಗಿ ಬರೆದಿಟ್ಟು, ಎಷ್ಟು ದೂರದವರೆಗೆ ತಾಳ ಕೂಡಿದೆ ನೋಡಿ. ಎರಡು ತುದಿಯಲ್ಲೂ ಇನ್ನೂ ಒಂದೇ ತಾಳ ಇದ್ದರೆ ನೀವು ತೆಗೆದುಕೊಂಡ ಉದ್ದ ಸಾಲದು.